ಪಿಎಚ್‌ಡಿ ಸೀಟು ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ಹೋಗಲಾ, ಬಿಡಲಾ?

ಬೇರುಹುಡುಕಿ:
ಎಲ್ಲರಿಗೂ ನಮಸ್ಕಾರ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಮೂರು ವರ್ಷ ಆಯ್ತು. ಬೇರಿನ ಜೊತೆ ಬದುಕುವ ಶಿಲೀಂಧ್ರ, ಅಂದರೆ ಮೈಕೊರೈಜಾ ಮೇಲೆ ಪ್ರಾಜೆಕ್ಟ್ ಮಾಡಿದ್ದೆ. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ.

ಆರು ತಿಂಗಳಲ್ಲಿ ಹೊರದೇಶದ 43 ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದೆ. ಉತ್ತರ ಬಂದಿದ್ದು ನಾಲ್ಕೇ. ಮೂರು ಕಡೆ "ಸದ್ಯಕ್ಕೆ ಜಾಗ ಇಲ್ಲ". ನಾಲ್ಕನೆಯದು ಬ್ರಿಟನ್‌ನಿಂದ. ಇಂಟರ್‌ವ್ಯೂ ಆಗಿ ಆಫರ್ ಲೆಟರೇ ಬಂತು. ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಆಮೇಲೆ ಎರಡನೇ ಪುಟ ಓದಿದೆ: ಸೆಲ್ಫ್ ಫಂಡೆಡ್. ಫೀಸೂ ನನ್ನದೇ, ಊಟ ಬಾಡಿಗೆಯೂ ನನ್ನದೇ.

ಗೈಡ್ ಒಳ್ಳೆಯವರು. "ಮೊದಲ ವರ್ಷ ಹೇಗಾದರೂ ನಿಭಾಯಿಸಿ, ಆಮೇಲೆ ಏನಾದರೂ ಹುಡುಕೋಣ" ಎನ್ನುತ್ತಾರೆ. ಅಣ್ಣ ಸಾಲ ತೆಗೆಯೋಣ ಎನ್ನುತ್ತಿದ್ದಾನೆ. ಏನು ಮಾಡಲಿ?

ಹಳೇಪೋಸ್ಟ್‌ಡಾಕ್:
ಸಾಲ ಮಾಡಿ ಹೋಗಬೇಡಿ. ಈ "ಆಮೇಲೆ ಹುಡುಕೋಣ"ವನ್ನು ನಂಬಿ ಹೋದವನು ನಾನು. ಯಾವ ಊರು, ಯಾವ ವಿಶ್ವವಿದ್ಯಾಲಯ ಎಂಬುದು ಬೇಡ. ನನ್ನ ಗೈಡೂ ಒಳ್ಳೆಯವರೇ. ಅವರ ಗ್ರ್ಯಾಂಟ್ ಅರ್ಜಿ ಎರಡು ಸಲ ತಿರಸ್ಕೃತವಾಯ್ತು, ಅಷ್ಟೇ. ಹಗಲು ಟ್ಯೂಷನ್ ಹೇಳಿ, ರಾತ್ರಿ ಲ್ಯಾಬಿಗೆ ಹೋಗುತ್ತಿದ್ದೆ. ಎರಡನೇ ವರ್ಷದ ಕೊನೆಗೆ ಬಿಟ್ಟು ಬಂದೆ. ಜರ್ಮನಿಯಲ್ಲಿ ಮತ್ತೆ ಮೊದಲಿಂದ ಶುರು.

ನಿಮ್ಮ ಗೈಡ್‌ಗೆ ಇವತ್ತೇ ಒಂದು ಮೇಲ್ ಹಾಕಿ. ದುಡ್ಡು ಯಾವ ಗ್ರ್ಯಾಂಟಿನಿಂದ ಬರುತ್ತದೆ, ಅದು ಈಗಾಗಲೇ ಮಂಜೂರಾಗಿದೆಯಾ, ಯಾವ ತಿಂಗಳವರೆಗೆ ಇದೆ? ಇಷ್ಟನ್ನು ಬರವಣಿಗೆಯಲ್ಲಿ ಕೊಡಲು ಹಿಂಜರಿದರೆ ದುಡ್ಡಿಲ್ಲ ಎಂದೇ ತಿಳಿಯಿರಿ.

ಇನ್ನೊಂದು ಮಾತು. ನೀವು ಪ್ರೊಫೆಸರ್‌ಗಳನ್ನು ಹುಡುಕುತ್ತಿದ್ದೀರಿ. ಹುದ್ದೆಗಳನ್ನು ಹುಡುಕಿ. ನೆದರ್ಲ್ಯಾಂಡ್ಸ್, ಸ್ವೀಡನ್, ಜರ್ಮನಿಯಲ್ಲಿ ಪಿಎಚ್‌ಡಿ ಹೆಚ್ಚಾಗಿ ಒಂದು ಕೆಲಸ. ಜಾಹೀರಾತು ಬರುತ್ತದೆ, ಸಂಬಳ ಇರುತ್ತದೆ. ನೆದರ್ಲ್ಯಾಂಡ್ಸ್‌ನಲ್ಲಿ ಸಾಮಾನ್ಯವಾಗಿ 4 ವರ್ಷದ ಒಪ್ಪಂದ. ಅಲ್ಲಿಯ ಜಾಹೀರಾತು ಅಕಾಡೆಮಿಕ್ ಟ್ರಾನ್ಸ್‌ಫರ್ ಎಂಬ ಜಾಲತಾಣದಲ್ಲಿ ಸಿಗುತ್ತದೆ. ಸ್ವೀಡನ್‌ನಲ್ಲೂ ಓದು 4 ವರ್ಷದ್ದೇ, ಪಾಠ ಮಾಡುವ ಕೆಲಸ ಸೇರಿದರೆ 5ರವರೆಗೆ ಹೋಗುತ್ತದೆ, ಪಿಎಚ್‌ಡಿಗೆ ಫೀಸಿಲ್ಲ. ಜರ್ಮನಿಯ ಜಾಹೀರಾತಿನಲ್ಲಿ "ಇ13" ಎಂಬ ಸಂಬಳದ ದರ್ಜೆ ಕಂಡರೆ ಪಕ್ಕದ ಶೇಕಡಾವಾರು ನೋಡಿ. 50 ಅಥವಾ 65 ಎಂದಿದ್ದರೆ ಸಂಬಳ ಅಷ್ಟೇ. ಲ್ಯಾಬಿನಲ್ಲಿ ಇರಬೇಕಾದ ಹೊತ್ತು ಮಾತ್ರ ಪೂರ್ತಿ, ಅದನ್ನು ಯಾರೂ ಬರೆದಿರುವುದಿಲ್ಲ!

ಯುರೋಪಿಯನ್ ಒಕ್ಕೂಟದ ದುಡ್ಡಿನಿಂದ ನಡೆಯುವ ಮೇರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್ ಪಿಎಚ್‌ಡಿ ಹುದ್ದೆಗಳನ್ನು ಯುರಾಕ್ಸೆಸ್ ಎಂಬ ಜಾಲತಾಣದಲ್ಲಿ ನೋಡಿ. ಕೆಲಸಕ್ಕೆ ಸೇರುವ ಮುಂಚಿನ 36 ತಿಂಗಳಲ್ಲಿ ಆ ಹುದ್ದೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದವರಿಗೆ ಅದು ಸಿಗುವುದಿಲ್ಲ. ಹೊರಗಿನವರಾಗಿರುವುದೇ ಅಲ್ಲಿ ಅನುಕೂಲ.

ಡಿಸೆಂಬರ್‌ಚಳಿ:
ಸಾಲದ ವಿಷಯದಲ್ಲಿ ಮೇಲಿನವರ ಮಾತು ಸರಿ. ಆದರೆ ಸ್ವಂತ ದುಡ್ಡಿನ ಪಿಎಚ್‌ಡಿ ಎಲ್ಲರಿಗೂ ತಪ್ಪಲ್ಲ. ಕೆಲಸದಲ್ಲಿ ಇದ್ದುಕೊಂಡೇ ಪಾರ್ಟ್‌ಟೈಮ್ ಮಾಡುವವರಿಗೆ ಅದು ನಡೆಯುತ್ತದೆ.

ಬ್ರಿಟನ್ನೇ ಬೇಕು ಅಂದರೆ ಯುಕೆಆರ್‌ಐ (ಅಲ್ಲಿ ಸಂಶೋಧನೆಗೆ ಸರ್ಕಾರಿ ದುಡ್ಡು ಹಂಚುವ ಸಂಸ್ಥೆ) ಕೊಡುವ ಸ್ಟೂಡೆಂಟ್‌ಶಿಪ್‌ಗಳು, ಅಂದರೆ ಪಿಎಚ್‌ಡಿ ವಿದ್ಯಾರ್ಥಿವೇತನಗಳು, 2021ರಿಂದ ಹೊರದೇಶದವರಿಗೂ ತೆರೆದಿವೆ. ಹೊರಗಿನವರ ಸಂಖ್ಯೆಗೆ ಮಿತಿ ಇದೆ, ಪೈಪೋಟಿ ಜೋರು.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಬಹುತೇಕ ಕಡೆ ಅರ್ಜಿ ಹೋಗುವುದು ವಿಭಾಗಕ್ಕೆ, ಒಬ್ಬ ಗೈಡ್‌ಗಲ್ಲ. ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್‌ನಲ್ಲಿ. ಐದು ವರ್ಷವೋ ಇನ್ನೂ ಜಾಸ್ತಿಯೋ ಹಿಡಿಯುತ್ತದೆ. ವಿಜ್ಞಾನದ ವಿಷಯಗಳಲ್ಲಿ ಫೀಸು ಮಾಫಿ ಮಾಡಿ, ಪಾಠ ಅಥವಾ ಸಂಶೋಧನೆಯ ಕೆಲಸಕ್ಕೆ ಸ್ಟೈಪೆಂಡ್ ಕೊಡುವುದೇ ರೂಢಿ. ಎಷ್ಟೋ ವಿಭಾಗಗಳು ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೇಳುವುದನ್ನೇ ಬಿಟ್ಟಿವೆ. ಮೊದಲು ನೋಡಿಕೊಳ್ಳಿ, ಸುಮ್ನೆ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅರ್ಜಿ ಶುಲ್ಕ ಮನ್ನಾ ಮಾಡಿ ಎಂದು ಕೇಳಲು ನಾಚಿಕೆಯೂ ಬೇಡ. ಏಳರಲ್ಲಿ ಎರಡು ಕಡೆ ನನಗೆ ಮನ್ನಾ ಆಗಿತ್ತು.

ಅಂದಹಾಗೆ, ಆ 43 ಮೇಲ್‌ಗಳ ಮೊದಲ ಸಾಲು ಏನಿತ್ತು?

ಬೇರುಹುಡುಕಿ:
"ತಮ್ಮ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ ಇದೆ" ಅಂತ. ಎಲ್ಲರಿಗೂ ಅದೇ. ಹೆಸರು ಮಾತ್ರ ಬದಲಿಸಿದ್ದೆ. ಒಂದೆರಡು ಕಡೆ ಅದನ್ನೂ ಮರೆತೆ ಅನ್ನಿಸುತ್ತದೆ.

ಡಿಸೆಂಬರ್‌ಚಳಿ:
ಹಾಗಾದರೆ ನಾಲ್ಕು ಉತ್ತರ ಬಂದಿದ್ದೇ ಹೆಚ್ಚು!

ಆ ಸಾಲನ್ನು ಖಗೋಳಶಾಸ್ತ್ರದವರಿಗೂ ಕಳಿಸಬಹುದು ಅಲ್ವಾ? ಅವರ ಇತ್ತೀಚಿನ ಒಂದು ಪೇಪರ್ ಪೂರ್ತಿ ಓದಿ. "ನೀವು ರಂಜಕ ಕಡಿಮೆ ಇರುವ ಮಣ್ಣಿನಲ್ಲಿ ನೋಡಿದ್ದು ನನ್ನ ಕುಂಡಗಳಲ್ಲಿ ಯಾಕೋ ಉಲ್ಟಾ ಬಂತು" ಅನ್ನುವಂಥದ್ದನ್ನು ಬರೆಯಿರಿ. ಅಂಥದ್ದೊಂದು ನಿಜಕ್ಕೂ ಇದ್ದರೆ ಮಾತ್ರ. ಎಂಟು ಹತ್ತು ಸಾಲು ಸಾಕು, ಜೊತೆಗೆ ಸಿವಿ. ವಾರಕ್ಕೆ ಮೂರು ಮೇಲ್ ಹೋದರೆ ಅದೇ ಜಾಸ್ತಿ.

ಮೂರನೇಬೆಂಚು:
ಎಲ್ಲಿ ಸಿಕ್ಕರೂ ಸೇರುವ ಮುಂಚೆ ಆ ಲ್ಯಾಬಿನ ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡಿ. ಅದರಲ್ಲೂ ಮಧ್ಯದಲ್ಲೇ ಬಿಟ್ಟು ಹೋದವರ ಜೊತೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಗೈಡ್‌ಗೆ ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಒಬ್ಬಳು ಜೋರಾಗಿ ನಕ್ಕುಬಿಟ್ಟಳು. ಆ ಲ್ಯಾಬಿಗೆ ನಾನು ಸೇರಲಿಲ್ಲ.

ಬೇರುಹುಡುಕಿ:
ಎಲ್ಲರಿಗೂ ಥ್ಯಾಂಕ್ಸ್. ಗೈಡ್‌ಗೆ ಕೇಳಿದೆ, ಮರುದಿನವೇ ಉತ್ತರ ಬಂತು: ಗ್ರ್ಯಾಂಟ್ ಇನ್ನೂ ಅರ್ಜಿಯ ಹಂತದಲ್ಲೇ ಇದೆ. ಪಾಪ, ಪ್ರಾಮಾಣಿಕವಾಗಿ ಹೇಳಿದರು. ಬರುವುದಿಲ್ಲ ಎಂದು ಬರೆದೆ. ಅಣ್ಣನಿಗೆ ನನಗಿಂತ ಜಾಸ್ತಿ ಬೇಜಾರು.

ನೆದರ್ಲ್ಯಾಂಡ್ಸ್‌ನಲ್ಲಿ ಮಣ್ಣಿನ ಶಿಲೀಂಧ್ರದ್ದೇ ಒಂದು ಹುದ್ದೆಯ ಜಾಹೀರಾತು ಸಿಕ್ಕಿದೆ. ಅರ್ಜಿಗೆ ಇನ್ನು ಒಂಬತ್ತು ದಿನ. ಮೂವರ ಶಿಫಾರಸು ಪತ್ರ ಕೇಳಿದ್ದಾರೆ. ನನ್ನ ಎಂಎಸ್ಸಿ ಸರ್ ರಿಟೈರ್ ಆಗಿದ್ದಾರೆ, ಮೇಲ್ ನೋಡುವುದೇ ಇಲ್ಲ.

ಹಳೇಪೋಸ್ಟ್‌ಡಾಕ್:
ಫೋನ್ ಮಾಡಿ, ಸಾಧ್ಯವಾದರೆ ಮನೆಗೇ ಹೋಗಿ. ನಿಮ್ಮ ಪ್ರಾಜೆಕ್ಟಿನಲ್ಲಿ ಏನೇನು ಮಾಡಿದಿರಿ ಎಂದು ಅರ್ಧ ಪುಟ ಬರೆದುಕೊಂಡು ಹೋಗಿ. ಅವರಿಗೆ ನೆನಪಿರುವುದಿಲ್ಲ. ಪತ್ರ ಅಪ್‌ಲೋಡ್ ಮಾಡುವ ಲಿಂಕ್ ಸ್ಪ್ಯಾಮ್‌ಗೆ ಬಿದ್ದಿರುತ್ತದೆ, ಪಕ್ಕದಲ್ಲೇ ಕೂತು ತೆಗೆಸಿ.