ಟೆಲಿಫೋಟೋ ಲೆನ್ಸ್: ಒಂದೇ ಎಫ್/4, ಎರಡು ತೂಕ
ಪ್ರಶ್ನೆ: ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಊರಲು ಜಾಗ ಸಾಲದೆ ಲೆನ್ಸನ್ನು ಕೈಯಲ್ಲೇ ಹಿಡಿಯಬೇಕಾಗುತ್ತದೆ. ಒಲಿಂಪಸ್‌ನ 300 ಎಂಎಂ ಎಫ್/4 ಸುಮಾರು 1.3 ಕಿಲೋ, ಸೋನಿಯ 600 ಎಂಎಂ ಎಫ್/4 ಮೂರು ಕಿಲೋ; ಒಲಿಂಪಸ್ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಫಲಕ) ಚಿಕ್ಕದಾದ್ದರಿಂದ ನೋಟದ ಕೋನ ಒಂದೇ ಆಗಿದ್ದರೂ ಬಿಡುಗಡೆಯ ಬೆಲೆಯಲ್ಲಿ ಐದು ಪಟ್ಟು ಅಂತರವೇಕೆ?

ಉತ್ತರ 1: ಹೆಸರಿಗೆ ಎರಡೂ ಎಫ್/4, ಅಷ್ಟೆ; ಅಂದರೆ ಬೆಳಕು ಒಳಬರುವ ದ್ವಾರದ ವ್ಯಾಸ ಲೆನ್ಸಿನ ಫೋಕಲ್ ಉದ್ದದ (300 ಅಥವಾ 600 ಎಂಎಂ) ನಾಲ್ಕನೇ ಒಂದು ಭಾಗ. ಮೊದಲನೆಯದರ ದ್ವಾರದ ವ್ಯಾಸ 75 ಮಿ.ಮೀ., ಎರಡನೆಯದರದು 150. ಅಂದರೆ ನಾಲ್ಕು ಪಟ್ಟು ಬೆಳಕು ಹಿಡಿಯುವ ಗಾಜಿಗೆ ನೀವು ಹಣ ತೆರುತ್ತೀರಿ, ಅದನ್ನು ಹೊರುವವರೂ ನೀವೇ. ಒಲಿಂಪಸ್‌ನ ಚಿಕ್ಕ ಸೆನ್ಸರ್ ಆದ ಮೈಕ್ರೋ ಫೋರ್ ಥರ್ಡ್ಸ್‌ನ ಎಫ್/4, ಒಟ್ಟು ಬೆಳಕಿನ ಲೆಕ್ಕದಲ್ಲಿ ಸೋನಿಯ ದೊಡ್ಡ ಸೆನ್ಸರ್ ಆದ ಫುಲ್ ಫ್ರೇಮ್‌ನ ಎಫ್/8ಕ್ಕೆ ಸಮ.

ಉತ್ತರ 2: ಹಾಗಿದ್ದರೆ ಸೋನಿಯ 200-600 ಎಂಎಂ ಜೂಮ್ ಲೆನ್ಸ್ ಜೊತೆ ಹೋಲಿಸುವುದೇ ನ್ಯಾಯ: 2.1 ಕಿಲೋ, 600ರ ತುದಿಯಲ್ಲಿ ಎಫ್/6.3, ಬಿಡುಗಡೆಯ ಬೆಲೆ ಒಲಿಂಪಸ್‌ಗಿಂತ ಕಡಿಮೆ. ಆದರೂ ದೋಣಿಯಲ್ಲಿ ಅರ್ಧ ಗಂಟೆ ಎತ್ತಿ ಹಿಡಿದ ಮೇಲೆ ನನ್ನ ಮಣಿಕಟ್ಟು ಒಲಿಂಪಸ್ ಪರವಾಗಿಯೇ ಮಾತಾಡುತ್ತದೆ.