ಲಂಡನ್ನಿನ ಹಳೆಯ ಕಸುಬುದಾರನ ವಂಶಮೂಲ ಹುಡುಕುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ:
ನಮಸ್ಕಾರ ಸರ್. ನಾನು ಧಾರವಾಡದವಳು, ಮದುವೆಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ನನ್ನ ಪತಿಯ ಪೂರ್ವಿಕರೊಬ್ಬರು ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದರೆಂದು ಅವರ ಮನೆಯಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ಮನೆಯಲ್ಲಿರುವ ಹಳೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಅವರನ್ನು ‘ಲಂಡನ್ನಿನ ನಾಗರಿಕ ಮತ್ತು ಕಮ್ಮಾರ’ ಎಂದು ಬರೆಯಲಾಗಿದೆ. ಗಡಿಯಾರದ ಪ್ರಸ್ತಾಪವೇ ಇಲ್ಲ. ಮದುವೆ 1689ರ ಏಪ್ರಿಲ್‌ನಲ್ಲಿ, ಹಿರಿಯ ಮಗನ ದೀಕ್ಷಾಸ್ನಾನ 1689ರ ಫೆಬ್ರವರಿಯಲ್ಲಿ ಎಂದಿದೆ. ಮದುವೆಗೆ ಮೊದಲೇ ಮಗು ಹುಟ್ಟಿತ್ತೇ ಎಂಬ ಸಂಕೋಚದಿಂದ ಮನೆಯ ಹಿರಿಯರು ಈ ಹಾಳೆಯ ವಿಷಯವನ್ನೇ ಎತ್ತುವುದಿಲ್ಲ. ನಮ್ಮ ಕಡೆಯಾದರೆ ಹೆಲವರು ಬಂದು ತಲೆಮಾರುಗಳ ಹೆಸರು ಹೇಳುತ್ತಾರೆ. ಇಲ್ಲಿ ಎಲ್ಲಿಂದ ಆರಂಭಿಸಬೇಕೆಂದು ತಿಳಿಸುವಿರಾ?

ಉತ್ತರ:
ನಮಸ್ಕಾರ ಅಮ್ಮಾ. ಮೊದಲು ಆ ಸಂಕೋಚವನ್ನು ಕಳೆಯೋಣ. 1751ರವರೆಗೆ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಆದ್ದರಿಂದ 1689ರ ಏಪ್ರಿಲ್ ಮೊದಲು ಬರುತ್ತದೆ, 1689ರ ಫೆಬ್ರವರಿ ಅದಾದ ಹತ್ತು ತಿಂಗಳಿಗೆ ಬರುತ್ತದೆ. ಇಂದಿನ ಲೆಕ್ಕದಲ್ಲಿ ಅದು 1690ರ ಫೆಬ್ರವರಿ. ಮಗು ಹುಟ್ಟಿದ್ದು ಮದುವೆಯ ನಂತರವೇ, ಹಿರಿಯರಿಗೆ ಇದನ್ನು ಧೈರ್ಯವಾಗಿ ಹೇಳಿ. ನಿಮ್ಮ ಟಿಪ್ಪಣಿಯಲ್ಲಿ ಇಂಥ ದಿನಾಂಕಗಳನ್ನು 1689/90 ಎಂದು ಎರಡೂ ವರ್ಷ ಸೇರಿಸಿ ಬರೆದುಕೊಂಡರೆ ಮುಂದೆ ಗೊಂದಲವಾಗುವುದಿಲ್ಲ.

‘ನಾಗರಿಕ ಮತ್ತು ಕಮ್ಮಾರ’ ಎಂಬುದು ಆತ ಕುಲುಮೆಯ ಮುಂದೆ ಕೂತಿದ್ದನೆಂಬುದಕ್ಕೆ ಸಾಕ್ಷಿಯಲ್ಲ. ಕಮ್ಮಾರರ ಕಂಪನಿಯ ಸದಸ್ಯನಾಗಿ ಲಂಡನ್ ನಗರದ ಹಕ್ಕು ಪಡೆದಿದ್ದನೆಂಬುದಕ್ಕೆ ಸಾಕ್ಷಿ. ಈ ಕಂಪನಿಗಳು ಕಸುಬುದಾರರ ಸಂಘಗಳು. ಅಪ್ರೆಂಟಿಸ್ ಆಗಿ ದುಡಿದು ಅವಧಿ ಮುಗಿಸಿದವರು, ಸದಸ್ಯರ ಮಕ್ಕಳು, ಹಣ ಕಟ್ಟಿದವರು, ಹೀಗೆ ಮೂರು ದಾರಿಯಿಂದ ಜನ ಅವುಗಳ ಸದಸ್ಯರಾಗುತ್ತಿದ್ದರು. ಒಂದು ಕಂಪನಿಯ ಸದಸ್ಯತ್ವ ಪಡೆದವನು ಬೇರೊಂದು ಕಸುಬು ನಡೆಸಲು ಲಂಡನ್ನಿನ ರೂಢಿಯಲ್ಲಿ ಅವಕಾಶವಿತ್ತು. ಗಡಿಯಾರ ತಯಾರಕರ ಕಂಪನಿ ಸನ್ನದು ಪಡೆದದ್ದೇ 1631ರಲ್ಲಿ. ಅದಕ್ಕೆ ಮೊದಲು ಆ ಕೆಲಸದವರಲ್ಲಿ ಅನೇಕರು ಕಮ್ಮಾರರ ಕಂಪನಿಯಲ್ಲಿದ್ದರು, ಆ ಮೇಲೂ ಕೆಲವರು ಅಲ್ಲಿಯೇ ಉಳಿದರು. ಆದ್ದರಿಂದ ಮನೆಯ ಮಾತೂ ಬೈಬಲ್ಲಿನ ಬರಹವೂ ಎರಡೂ ನಿಜವಾಗಿರಬಹುದು.

ನೀವು ಹುಡುಕಬೇಕಾದ ಮೊದಲ ಕಾಗದ ಅಪ್ರೆಂಟಿಸ್ ಕರಾರು. ಕಸುಬು ಹಿಡಿಯಲು ಕನಿಷ್ಠ ಏಳು ವರ್ಷ ಕಲಿಯಬೇಕೆಂದು 1563ರ ಕಾನೂನು ವಿಧಿಸಿತ್ತು, ಕಲಿಕೆಯ ಅವಧಿಯಲ್ಲಿ ಮದುವೆಯಾಗಬಾರದೆಂಬುದು ಕರಾರಿನ ಷರತ್ತಾಗಿತ್ತು. 1689ರಲ್ಲಿ ಮದುವೆಯಾದವನು ಅಷ್ಟರಲ್ಲಿ ಕಲಿಕೆ ಮುಗಿಸಿರಬೇಕು, ಅಂದರೆ 1682ರೊಳಗೆ ಯಜಮಾನನ ಬಳಿ ಸೇರಿರಬೇಕು. ಬಹುತೇಕ ಕಂಪನಿಗಳ ಹಳೆಯ ಪುಸ್ತಕಗಳು ಲಂಡನ್ನಿನ ಗಿಲ್ಡ್‌ಹಾಲ್ ಗ್ರಂಥಾಲಯದಲ್ಲಿವೆ. ನಗರದ ಹಕ್ಕು ಪಡೆದವರ ಕಾಗದಗಳು 1681ರಿಂದೀಚೆಗೆ ನಗರದ ಪತ್ರಾಗಾರದಲ್ಲಿ ಉಳಿದಿವೆ, ಅನೇಕ ಸಲ ಮೂಲ ಕರಾರೂ ಅವುಗಳ ಜೊತೆಯಲ್ಲೇ ಸಿಗುತ್ತದೆ. ನಿಮ್ಮವರ ಕಾಲ ಈ ಅವಧಿಗೆ ಸೇರಿರುವುದು ನಿಜಕ್ಕೂ ಅದೃಷ್ಟ.

ಅಪ್ರೆಂಟಿಸ್ ಕರಾರಿನ ನಮೂದು ಚಿಕ್ಕದು, ಆದರೆ ಬೆಲೆಯುಳ್ಳದ್ದು. ಹುಡುಗನ ಹೆಸರು, ತಂದೆಯ ಹೆಸರು, ತಂದೆಯ ಊರು ಮತ್ತು ಕಸುಬು, ತಂದೆ ತೀರಿಕೊಂಡಿದ್ದರೆ ಆ ವಿಷಯ, ಯಜಮಾನನ ಹೆಸರು, ಎಷ್ಟು ವರ್ಷದ ಕರಾರು, ಇಷ್ಟೂ ಒಂದೆರಡು ಸಾಲಿನಲ್ಲಿ ಇರುತ್ತದೆ. ಲಂಡನ್ನಿಗೆ ಕಲಿಯಲು ಬರುತ್ತಿದ್ದ ಹುಡುಗರಲ್ಲಿ ಬಹಳ ಮಂದಿ ದೂರದ ಹಳ್ಳಿಗಳವರು. ಅವರು ಬಿಟ್ಟುಬಂದ ಊರು ಯಾವುದೆಂದು ತಿಳಿಯುವುದು ಹೆಚ್ಚಾಗಿ ಇದೊಂದು ಕಾಗದದಿಂದಲೇ.

ಪ್ರಶ್ನೆ (ಅದೇ ಸದಸ್ಯೆ, ಕೆಲವು ವಾರಗಳ ನಂತರ):
ಸರ್, ನಮೂದು ಸಿಕ್ಕಿತು. ತಂದೆ ನಾರ್ಥಾಂಪ್ಟನ್‌ಶೈರ್‌ನ ಒಂದು ಹಳ್ಳಿಯಲ್ಲಿ ಗಾಡಿಯ ಚಕ್ರ ಮಾಡುವ ಬಡಿಗನಾಗಿದ್ದನಂತೆ. ಆದರೆ ಆ ಊರಿನ ಚರ್ಚ್ ರಿಜಿಸ್ಟರಿನಲ್ಲಿ ಅದೇ ಹೆಸರಿನ ಇಬ್ಬರು ಹುಡುಗರಿದ್ದಾರೆ. ಒಬ್ಬನ ದೀಕ್ಷಾಸ್ನಾನ 1661ರಲ್ಲಿ, ಇನ್ನೊಬ್ಬನದು 1663ರಲ್ಲಿ. ಇಬ್ಬರ ತಂದೆಯ ಹೆಸರೂ ಒಂದೇ. ನಮ್ಮವನು ಯಾರು?

ಉತ್ತರ:
ಮೊದಲು ಅದೇ ರಿಜಿಸ್ಟರಿನ ಶವಸಂಸ್ಕಾರದ ಪುಟಗಳನ್ನು ಓದಿ. ಮೊದಲನೆಯ ಮಗು ಸತ್ತರೆ ನಂತರ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಹಾಗಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹಾಗಿಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ತಂದೆಯರು ಆ ಊರಿನಲ್ಲಿದ್ದರೆಂದು ಭಾವಿಸಿ, ಅವರನ್ನು ಕಸುಬಿನಿಂದ ಬೇರ್ಪಡಿಸಬೇಕು. 1662ರಿಂದ 1689ರವರೆಗೆ ವಸೂಲಾದ ಒಲೆ ತೆರಿಗೆಯ ಪಟ್ಟಿಯಲ್ಲಿ ಯಾವ ಮನೆಗೆ ಎಷ್ಟು ಒಲೆ ಎಂಬುದು ಇರುತ್ತದೆ. ಅದರಲ್ಲಿ ಆ ಹೆಸರು ಎರಡು ಸಲ ಬಂದಿದೆಯೇ ನೋಡಿ. ನಂತರ ಉಯಿಲುಗಳಿಗೆ ಹೋಗಿ. ಅನೇಕ ವೇಳೆ ಉಯಿಲಿನ ಜೊತೆಯಲ್ಲಿ ಸತ್ತವನ ಆಸ್ತಿಯ ಪಟ್ಟಿಯೂ ಇರುತ್ತದೆ. ನೆರೆಯವರು ಕೋಣೆಯಿಂದ ಕೋಣೆಗೆ ನಡೆದು ಹಾಸಿಗೆ, ಪಾತ್ರೆ, ಕೊಟ್ಟಿಗೆಯ ದನ, ಕೆಲಸದ ಕೊಟ್ಟಡಿಯ ಉಪಕರಣಗಳಿಗೆ ಬೆಲೆ ಕಟ್ಟಿ ಬರೆದ ಪಟ್ಟಿ ಅದು. ಅದರಲ್ಲಿ ಉಳಿ, ಬಾಚಿ, ಒಣಗಿಸಲು ಇಟ್ಟ ಚಕ್ರದ ಮರ ಕಂಡರೆ ಅವನೇ ನಿಮ್ಮ ಬಡಿಗನೆಂದು ಬಹುಮಟ್ಟಿಗೆ ನಂಬಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಇಡೀ ಹುಡುಕಾಟದಲ್ಲಿ ಈ ಪಟ್ಟಿಗಳಷ್ಟು ಮನಸ್ಸನ್ನು ಹಿಡಿದು ನಿಲ್ಲಿಸುವ ದಾಖಲೆ ಮತ್ತೊಂದಿಲ್ಲ.

ಹೆಸರನ್ನೊಂದೇ ನಂಬಿದರೆ ಏನಾಗುತ್ತದೆಂಬುದಕ್ಕೆ ಪ್ರಸಿದ್ಧ ಗಡಿಯಾರ ತಯಾರಕ ಥಾಮಸ್ ಟಾಂಪಿಯನ್ನನ ಮನೆತನವನ್ನೇ ನೋಡಿ. 1639ರ ಜುಲೈ 25ರಂದು ಬೆಡ್‌ಫರ್ಡ್‌ಶೈರ್‌ನ ನಾರ್ತ್‌ಹಿಲ್‌ನಲ್ಲಿ ಅವನ ದೀಕ್ಷಾಸ್ನಾನವಾಯಿತು. ಕಮ್ಮಾರನಾಗಿದ್ದ ಅವನ ತಂದೆಯ ಹೆಸರೂ ಥಾಮಸ್, ಗಡಿಯಾರದ ಕಸುಬಿಗೇ ಬಂದ ಅವನ ತಮ್ಮನ ಮಗನ ಹೆಸರೂ ಥಾಮಸ್. 1671ರಲ್ಲಿ ಗಡಿಯಾರ ತಯಾರಕರ ಕಂಪನಿಗೆ ಸೇರುವುದಕ್ಕೆ ಮುಂಚಿನ ಅವನ ಬದುಕಿನ ಬಗ್ಗೆ ತಿಳಿದಿರುವುದು ಅತ್ಯಲ್ಪ. 1713ರಲ್ಲಿ ಅವನು ತೀರಿಕೊಂಡ ನಂತರ ವ್ಯಾಪಾರ ಜಾರ್ಜ್ ಗ್ರಹಾಮ್‌ನ ಕೈಗೆ ಬಂತು. ಗ್ರಹಾಮ್ ಅವನ ಬಳಿ ಕೆಲಸ ಮಾಡಿದವನು, ಅವನ ಸೋದರನ ಮಗಳು ಎಲಿಜಬೆತ್‌ಳನ್ನು ಮದುವೆಯಾದವನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಟಾಂಪಿಯನ್, ಗ್ರಹಾಮ್ ಇಬ್ಬರದೂ ಒಂದೇ ಸಮಾಧಿ. ಕುಟುಂಬದ ಹೆಸರನ್ನಷ್ಟೇ ಹಿಡಿದು ಹೋಗುವವರಿಗೆ ಗ್ರಹಾಮ್ ಕಾಣುವುದೇ ಇಲ್ಲ. ನೀವೂ ಹೆಣ್ಣುಮಕ್ಕಳ ಮದುವೆಗಳನ್ನು, ಯಜಮಾನನ ಮನೆಯವರನ್ನು ಬಿಡದೆ ನೋಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ನಡುವೆ ಮಾತು ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಹುಡುಕುತ್ತಿರುವ ಊರಿನ ರಿಜಿಸ್ಟರಿನಲ್ಲಿ 1643ರಿಂದ 1660ರವರೆಗೆ ಏನೂ ಇಲ್ಲ. ಪುಟಗಳು ಕಳೆದುಹೋಗಿರಬಹುದೇ?

ಉತ್ತರ:
ಬರೆಯದೇ ಇದ್ದಿರುವ ಸಾಧ್ಯತೆಯೇ ಹೆಚ್ಚು. ಅದು ಅಂತರ್ಯುದ್ಧ ಮತ್ತು ರಾಜನಿಲ್ಲದ ಆಡಳಿತದ ಕಾಲ. ಎಷ್ಟೋ ಪಾದ್ರಿಗಳು ಹುದ್ದೆ ಕಳೆದುಕೊಂಡರು, ಬಿಷಪ್ಪರ ವ್ಯವಸ್ಥೆಯೇ ರದ್ದಾಯಿತು. ಬೇರೆ ವರ್ಷಗಳಲ್ಲಾದರೆ 1598ರಿಂದ ಪ್ರತಿ ವರ್ಷ ಬಿಷಪ್ಪರ ಕಚೇರಿಗೆ ಕಳಿಸುತ್ತಿದ್ದ ನಕಲು ಪ್ರತಿಗಳಿಂದ ಅಂಥ ಖಾಲಿ ಜಾಗ ತುಂಬಬಹುದು, ಈ ವರ್ಷಗಳಿಗೆ ಅದೂ ದೊರೆಯುವುದು ಕಷ್ಟ. ಇಲ್ಲಿ ಉಯಿಲೇ ಗತಿ. ಕ್ಯಾಂಟರ್‌ಬರಿಯ ಉಯಿಲು ನ್ಯಾಯಾಲಯದ 1384ರಿಂದ 1858ರವರೆಗಿನ ನೋಂದಣಿ ಪುಸ್ತಕಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಮನೆಯಿಂದಲೇ ಅಂತರ್ಜಾಲದಲ್ಲಿ ಹುಡುಕಬಹುದು. 1653ರಿಂದ 1660ರವರೆಗೆ ದೇಶದ ಎಲ್ಲ ಉಯಿಲುಗಳೂ ಲಂಡನ್ನಿನ ಒಂದೇ ನ್ಯಾಯಾಲಯಕ್ಕೆ ಬರುತ್ತಿದ್ದವು. ಆ ಪುಸ್ತಕಗಳೂ ಇದೇ ಸಾಲಿನಲ್ಲಿವೆ. ಆದ್ದರಿಂದ ಸಣ್ಣ ಊರಿನ ಕಸುಬುದಾರನ ಉಯಿಲೂ ಅಲ್ಲಿ ಸಿಗುವ ಸಂಭವವಿದೆ. ಊರಿನ ಹೆಸರನ್ನು ಹಲವು ಕಾಗುಣಿತಗಳಲ್ಲಿ ಕೊಟ್ಟು ಹುಡುಕಿ.