ಆಯಿಲ್ ಫಿಲ್ಟರ್ ಸೀಲ್ ಹೋಗಿ ಆಯಿಲೆಲ್ಲ ಸೋರಿದೆ, ಇಂಜಿನ್ ಉಳಿದಿರತ್ತಾ?

ತೋಟದಮನೆ:
ನಮ್ದು ತೀರ್ಥಹಳ್ಳಿ ಹತ್ರ, ಹಳೇ ಪೆಟ್ರೋಲ್ ಕಾರು. ಹೋದ ವಾರ ಒಂದು ಗ್ಯಾರೇಜಲ್ಲಿ ಆಯಿಲ್, ಫಿಲ್ಟರ್ ಚೇಂಜ್ ಮಾಡಿಸಿದ್ದೆ. ಮಾರನೇ ದಿನ ಅಡಿಕೆ ಒಣಗಿಸೋ ಅಂಗಳದಲ್ಲಿ ಅಂಗೈ ಅಗಲ ಕಲೆ, ಸರ್ವಿಸ್ ಮಾಡುವಾಗ ಚೆಲ್ಲಿದ್ದಿರ್ಬೇಕು ಅಂತ ಸುಮ್ನಾದೆ. ನಿನ್ನೆ ಬೆಳಿಗ್ಗೆ ಶಿವಮೊಗ್ಗಕ್ಕೆ ಹೊರಟು ಮಂಡಗದ್ದೆ ದಾಟಿದ್ಮೇಲೆ ಕೆಂಪು ಆಯಿಲ್ ಲೈಟ್ ಬಂತು, ಕಾಡು ಮಧ್ಯ, ನೆಟ್ವರ್ಕ್ ಬೇರೆ ಇಲ್ಲ, ಸಕ್ರೆಬೈಲು ತನಕ ಹೋಗಣ ಅಂತ ನಿಧಾನಕ್ಕೆ ಎರಡು ಕಿಲೋಮೀಟರ್ ಓಡಿಸ್ದೆ, ಟಕಟಕ ಸೌಂಡ್ ಶುರುವಾದ್ಮೇಲೆ ಆಫ್ ಮಾಡ್ದೆ. ಡಿಪ್‌ಸ್ಟಿಕ್, ಅಂದ್ರೆ ಆಯಿಲ್ ಅಳೆಯೋ ಕಡ್ಡಿ ಎಳೆದ್ರೆ ತುದೀಲಿ ಒಂದು ಹನಿಯೂ ಇಲ್ಲ. ಟೋ ಮಾಡಿಸಿದೀನಿ. ಗ್ಯಾರೇಜಿನವ್ರು ಸೀಲ್ ಬದಲಿಸಿ ಆಯಿಲ್ ತುಂಬಿಸಿದ್ರೆ ಸರಿಯಾಗತ್ತೆ ಅಂತಾರೆ. ನಂಬ್ಬಹುದಾ?

ಪಾನಾ ನಂಬರ್ ಹದಿನಾಲ್ಕು:
ಮೊದ್ಲು ಸ್ಟಾರ್ಟ್ ಮಾಡಕ್ಕೆ ಬಿಡ್ಬೇಡಿ ಮಾರಾಯ್ರೆ. ಫಿಲ್ಟರ್ ಬಿಚ್ಚುವಾಗ ಎದುರಿಗೇ ನಿಂತ್ಕೊಳ್ಳಿ, ಫೋಟೋ ತಗೊಳ್ಳಿ. ನಾನು ಕಂಡಿದ್ರಲ್ಲಿ ಜಾಸ್ತಿ ಇದೇ ಕಥೆ, ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ ಬ್ಲಾಕಿಗೆ ಅಂಟ್ಕೊಂಡೇ ಉಳಿದಿರತ್ತೆ, ಹುಡುಗ ನೋಡದೇ ಅದರ ಮೇಲೇ ಹೊಸದು ತಿರುಗಿಸ್ತಾನೆ. ಎರಡು ರಿಂಗ್ ಒಂದರ ಮೇಲೊಂದು ಗಟ್ಟಿ ಕೂರಲ್ಲ. ಒಂದೆರಡು ದಿನ ಜಿನುಗತ್ತೆ, ಬೆಳಗಿನ ಚಳಿಗೆ ಆಯಿಲ್ ಮಂದ ಇದ್ದಾಗ ಪ್ರೆಶರ್ ಏರಿ ರಿಂಗ್ ಹೊರಗೆ ಜಾರಿದ್ರೆ ಪಂಪೇ ಅಷ್ಟೂ ಆಯಿಲ್ ರೋಡಿಗೆ ಹೊಡೆಯತ್ತೆ. ಹಾಕೋ ಕ್ರಮ ಅಂದ್ರೆ ಬ್ಲಾಕ್ ಒರೆಸಿ ಬೆರಳಾಡಿಸಿ ನೋಡ್ಬೇಕು, ಹೊಸ ರಬ್ಬರಿಗೆ ಆಯಿಲ್ ಸವರ್ಬೇಕು, ತಾಗಿದ್ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಕು. ಪಾನಾ ಹಾಕಿ ಬಿಗಿದ್ರೂ ರಬ್ಬರ್ ಹಿಂಡಿ ಹೋಗತ್ತೆ.

ಘಾಟಿ ಡ್ರೈವರ್:
ಬೈತೀನಿ ಅನ್ಕೋಬೇಡಿ, ಆ ಕೆಂಪು ಲೈಟ್ ಆಯಿಲ್ ಪ್ರೆಶರ್ ಇಲ್ಲ ಅಂತ ಹೇಳೋದು. ಕಾಡಾಗ್ಲಿ ಆಗುಂಬೆ ತಿರುವಾಗ್ಲಿ, ಬಂದ ಕೂಡ್ಲೇ ಪಕ್ಕಕ್ಕೆ ಹಾಕಿ ಆಫ್ ಮಾಡ್ಬೇಕಿತ್ತು. ಆದ್ರೂ ಟಕಟಕ ಮೇಲ್ಗಡೆ ವಾಲ್ವ್ ಕಡೆಯಿಂದ ಬಂದಿದ್ರೆ ಆಸೆ ಇದೆ, ಕೆಳಗಿಂದ ಗುದ್ದಿದ ಹಾಗೆ ಬಂದಿದ್ರೆ ಬೇರಿಂಗ್ ಹೋಗಿದೆ.

ಪಾನಾ ನಂಬರ್ ಹದಿನಾಲ್ಕು:
ಹೌದು. ಕಂಪ್ರೆಶನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ ಚೆಕ್ ಮಾಡಿ ಓಕೆ ಅಂದ್ರೆ ಒಪ್ಬೇಡಿ, ಅದ್ರಲ್ಲಿ ಬೇರಿಂಗ್ ಗೊತ್ತಾಗಲ್ಲ. ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಕನೆಕ್ಟಿಂಗ್ ರಾಡ್ (ಪಿಸ್ಟನ್ ಜೊತೆ ಸೇರಿರೋ ರಾಡ್) ಬೇರಿಂಗ್ ಒಂದು ಬಿಚ್ಚಿ ನೋಡ್ಲಿ, ಸಂಪ್ ತಳದಲ್ಲಿ ಮಿಣಿಮಿಣಿ ಲೋಹದ ಪುಡಿ ಇದ್ರೆ ಕಥೆ ಮುಗೀತು. ಏನೂ ಇಲ್ಲ ಅಂದ್ರೆ ಹೊಸ ಫಿಲ್ಟರ್, ಆಯಿಲ್ ಹಾಕಿ ಪ್ರೆಶರ್ ಗೇಜ್ ಕೂರಿಸಿ ನೋಡ್ಸಿ.

ತೋಟದಮನೆ:
ಈಗ ಬಿಚ್ಚಿಸ್ದೆ. ಬ್ಲಾಕ್ ಮೇಲೆ ಹಳೇ ರಿಂಗ್, ಗಟ್ಟಿಯಾಗಿ ಕಪ್ಪು ಬಳೆ ತರ, ಉಗುರು ಹಾಕಿ ಎಬ್ಬಿಸ್ಬೇಕಾಯ್ತು. ಹೊಸದು ಒಂದು ಕಡೆ ಹೊರಗೆ ನೇತಾಡ್ತಿತ್ತು. ಹುಡುಗ ಮಾತೇ ಆಡ್ಲಿಲ್ಲ, ಓನರ್ ಸಂಪ್ ಇಳಿಸೋ ಖರ್ಚು ಗ್ಯಾರೇಜಿಂದೇ ಅಂದ್ರು. ನಾಳೆ ಇಳಿಸ್ತಾರೆ, ಎರಡೂ ರಿಂಗ್ ಕವರಿಗೆ ಹಾಕಿ ನಾನೇ ತಂದಿದೀನಿ.